ಕೋವಿಯ ಬಿರಡೆ: ಗೋವೆಯ ಕುಲುಮೆಯಿಂದ ನಮ್ಮ ಮನೆಯ ಅಟ್ಟದವರೆಗೆ

ಕೋವಿಯೆಂದೊಡನೆ ಎಲ್ಲರ ಕಣ್ಣು ಹೋಗುವುದು ಅದರ ಬಾಯಿಯ ಕಡೆಗೆ. ಗುಂಡು ಹೊರಡುವುದು ಅಲ್ಲಿಂದ. ಬೆಂಕಿ, ಹೊಗೆ, ಸದ್ದು ಎಲ್ಲವೂ ಅಲ್ಲಿಂದಲೇ. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಂದು 'ತೋಕ್ ಪೂ' ಎಂಬ ಹೂವನ್ನು ಸಿಕ್ಕಿಸುವುದೂ ಕೋವಿಯ ಬಾಯಿಗೇ. ಆದರೆ ಬಾಯಿಯಿಂದ ಮದ್ದು ತುಂಬುವ ಹಳೆಯ ಕಾಲದ ಕೋವಿಯ ಜೀವ ಇರುವುದು ಬಾಯಿಯಲ್ಲಲ್ಲ. ಅದು ನಳಿಗೆಯ ಹಿಂತುದಿಯಲ್ಲಿ, ಹೆಬ್ಬೆರಳು ಗಾತ್ರದ ಒಂದು ಕಬ್ಬಿಣದ ತುಂಡಿನಲ್ಲಿ ಅಡಗಿದೆ. ಆ ತುಂಡನ್ನು ನಾವು ಈ ಲೇಖನದಲ್ಲಿ 'ಬಿರಡೆ' ಎಂದು ಕರೆಯೋಣ. ಇತಿಹಾಸದ ಪುಸ್ತಕಗಳಲ್ಲಿ ದೊರೆಗಳಿದ್ದಾರೆ, ಸೇನಾಪತಿಗಳಿದ್ದಾರೆ, ತೋಪುಗಳೂ ಇವೆ. ಬಿರಡೆ ಮಾತ್ರ ಇಲ್ಲ. ಅದನ್ನು ಕೂರಿಸಿದ ಕಮ್ಮಾರನಂತೂ ಇಲ್ಲವೇ ಇಲ್ಲ.

ಮೊದಲು ಈ ಬಿರಡೆಯ ಕೆಲಸವೇನೆಂಬುದನ್ನು ನೋಡೋಣ. ಹಿಂದಿನವರು ಕೋವಿಯ ನಳಿಗೆಯನ್ನು ಮಾಡುತ್ತಿದ್ದುದು ಕಬ್ಬಿಣದ ಪಟ್ಟಿಯಿಂದ. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಒಂದು ಸಲಾಕೆಯ ಸುತ್ತ ಬಾಗಿಸಿ, ಬಡಿದು ಬಡಿದು ಬೆಸೆದು ಕೊಳವೆ ಮಾಡಬೇಕು. ಆಮೇಲೆ ಒಳಗನ್ನು ಕೊರೆದು ನಯಗೊಳಿಸಬೇಕು. ಹೀಗೆ ಹುಟ್ಟಿದ ಕೊಳವೆಗೆ ಎರಡು ಬಾಯಿ. ಮುಂಬಾಯಿ ಗುಂಡಿಗೆ ಬೇಕು, ಹಿಂಬಾಯಿಯನ್ನು ಮುಚ್ಚಲೇಬೇಕು. ನಮ್ಮ ಡೊಂಬಿವಲಿ, ಕಲ್ಯಾಣಗಳ ಚಾಳುಗಳಲ್ಲಿ ಬೇಡವಾದ ನೀರಿನ ಪೈಪಿನ ತುದಿಯನ್ನು ಪ್ಲಂಬರನು ಹೇಗೆ ಮುಚ್ಚುತ್ತಾನೆಂಬುದನ್ನು ಎಲ್ಲರೂ ಕಂಡಿದ್ದೇವೆ. ತಿರುಪಿನ ತುಂಡಿಗೆ ಸೆಣಬಿನ ನೂಲು ಸುತ್ತಿ, ಪಾನಾ ಹಿಡಿದು ಬಿಗಿದುಬಿಡುತ್ತಾನೆ. ಅದು ಸೋರಿದರೆ ಗೋಡೆ ಒದ್ದೆಯಾಗುತ್ತದೆ, ಅಷ್ಟೆ. ಕೋವಿಯ ಬಿರಡೆ ಸೋರಿದರೆ ಹಾಗಲ್ಲ. ಅದರ ಹಿಂದೆ ಒಂದು ಗೇಣಿನೊಳಗೆ ಗುರಿ ಹಿಡಿದವನ ಕಣ್ಣು, ಕೆನ್ನೆ ಇರುತ್ತವೆ.

ಸ್ವಲ್ಪ ಲೆಕ್ಕ ಮಾಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ. ಗುಂಡನ್ನು ಮುಂದಕ್ಕೆ ನೂಕುವ ಒತ್ತಡವೇ ಬಿರಡೆಯನ್ನು ಹಿಂದಕ್ಕೆ ನೂಕುತ್ತದೆ. ಹನ್ನೆರಡು ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್, ಅಂದರೆ ಬಿರಡೆಯ ಮುಖ ಸುಮಾರು 2.7 ಚದರ ಸೆಂಟಿಮೀಟರ್. ಒತ್ತಡವು ಚದರ ಸೆಂಟಿಮೀಟರಿಗೆ 500 ಕಿಲೋ ಎಂದು ಹಿಡಿದರೂ ಬಿರಡೆಯ ಮೇಲೆ ಬೀಳುವ ತಳ್ಳು 1,300 ಕಿಲೋ ಮೀರುತ್ತದೆ. ಕಣ್ಣೆವೆ ಮುಚ್ಚಿ ತೆಗೆಯುವುದರೊಳಗೆ ಒಂದು ಟನ್ನಿಗೂ ಮೀರಿದ ಭಾರ! ಅದನ್ನು ಹೊರುವುದು ತಿರುಪಿನ ಕೆಲವೇ ಸುತ್ತುಗಳು.

ದೊಡ್ಡ ತೋಪುಗಳಿಗೆ ಈ ತೊಂದರೆ ಇರಲಿಲ್ಲ. ವಿಜಯಪುರದ ಶೆರ್ಜಿ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸಿಕೊಂಡಿದ್ದಾರೆ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಿ ಎರಕ ಹೊಯ್ದ ಈ 55 ಟನ್ನಿನ ತೋಪು 1632ರಲ್ಲಿ ಬಿಜಾಪುರಕ್ಕೆ ಬಂತು. ಅದು ಕಂಚಿನ ಎರಕ. ಹಿಂಬದಿಯೂ ಮೈಯೂ ಒಂದೇ ಅಚ್ಚಿನಲ್ಲಿ ಹುಟ್ಟಿದವು. ಬಿರಡೆಯ ಪ್ರಶ್ನೆಯೇ ಇಲ್ಲ. ಆದರೆ ಒಬ್ಬ ಮನುಷ್ಯ ಹೆಗಲ ಮೇಲೆ ಹೊತ್ತು ನಡೆಯುವ ಕೋವಿಯನ್ನು ಹಾಗೆ ಎರಕ ಹೊಯ್ದರೆ ಭಾರ ತಡೆಯದು. ಬಡಿದು ಮಾಡಿದ ತೆಳು ಕಬ್ಬಿಣದ ನಳಿಗೆಯೇ ಬೇಕು. ನಳಿಗೆ ಬಂದಲ್ಲಿ ಬಿರಡೆಯೂ ಬರಬೇಕು. ಆದ್ದರಿಂದ ಕೈಕೋವಿಯ ಚರಿತ್ರೆಯೆಂದರೆ ಒಂದು ರೀತಿಯಲ್ಲಿ ಬಿರಡೆಯ ಚರಿತ್ರೆಯೇ ಹೌದು.

ಈ ಚರಿತ್ರೆಯ ಒಂದು ಮುಖ್ಯ ಪುಟ ನಮ್ಮ ನೆರೆಯಲ್ಲೇ ಇದೆ. 1510ರಲ್ಲಿ ಪೋರ್ಚುಗೀಸರ ಅಫೊನ್ಸೋ ಡಿ ಅಲ್ಬುಕರ್ಕ್ ಗೋವೆಯನ್ನು ಗೆದ್ದುಕೊಂಡನು. ಅದುವರೆಗೆ ಅದು ಬಿಜಾಪುರದ ಆದಿಲ್‌ಶಾಹಿಯ ಬಂದರು. ಅವನಿಗೆ ದಾರಿ ತೋರಿಸಿದವರಲ್ಲಿ ಮುಖ್ಯನಾದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬಾಯಲ್ಲಿ ಅವನು 'ತಿಮೋಜ'. ಗೋವೆಯಲ್ಲಿ ಹಡಗು ಕಟ್ಟುವ ಕಟ್ಟೆ ಇತ್ತು, ಆಯುಧಶಾಲೆ ಇತ್ತು, ಕೆಲಸ ಬಲ್ಲ ಕುಶಲಕರ್ಮಿಗಳಿದ್ದರು. ಮೂರು ವರ್ಷಗಳ ನಂತರ, 1513ರ ಡಿಸೆಂಬರಿನಲ್ಲಿ, ಅಲ್ಬುಕರ್ಕ್ ತನ್ನ ದೊರೆ ಮನುಯೆಲ್‌ನಿಗೆ ಬರೆದ ಕಾಗದದಲ್ಲಿ ಒಂದು ಸ್ವಾರಸ್ಯದ ವಿಷಯವಿದೆ. ಗೋವೆಯ ಒಬ್ಬ ಕೋವಿ ಮಾಡುವ ಮೇಸ್ತ್ರಿಯನ್ನು ತಾನು ಲಿಸ್ಬನ್ನಿಗೆ ಕಳುಹಿಸುತ್ತಿರುವುದಾಗಿಯೂ, ಇಲ್ಲಿಯ ಕೋವಿಗಳು ಬೊಹೀಮಿಯದ ಕೋವಿಗಳಿಗೆ ಸರಿಸಮವೆಂದೂ, ಅವುಗಳ ಹಿಂಬಿರಡೆಗಳು ತಿರುಪಿನವೆಂದೂ ಅವನು ತಿಳಿಸುತ್ತಾನೆ. ಮಾದರಿಗಾಗಿ ಕೆಲವು ಕೋವಿಗಳನ್ನೂ ಜೊತೆಯಲ್ಲಿ ಕಳುಹಿಸಿದನು.

ಬೊಹೀಮಿಯ ಎಂದರೆ ಆ ಕಾಲದ ಯೂರೋಪಿನಲ್ಲಿ ಕೋವಿಯ ಕೆಲಸಕ್ಕೆ ಹೆಸರಾದ ನಾಡು. ಅದರ ಪಕ್ಕದಲ್ಲಿ ಗೋವೆಯ ಕಮ್ಮಾರನನ್ನು ನಿಲ್ಲಿಸಿದವನು ಸ್ವತಃ ಗೋವೆಯನ್ನು ಗೆದ್ದವನು. ಹೊಗಳಿದ್ದರಲ್ಲಿ ಅವನು ಎತ್ತಿ ಹೇಳಿದ್ದು ನಳಿಗೆಯ ಉದ್ದವನ್ನಲ್ಲ, ಹಿಡಿಯ ಕೆತ್ತನೆಯನ್ನಲ್ಲ, ತಿರುಪಿನ ಬಿರಡೆಯನ್ನು. ಯಾವುದು ಕಷ್ಟದ ಕೆಲಸವೆಂಬುದು ಸಿಪಾಯಿಗೆ ಗೊತ್ತಿತ್ತು. ಮೂರೇ ವರ್ಷದಲ್ಲಿ ಇಂಥ ವಿದ್ಯೆ ಹೊಸದಾಗಿ ಬೇರೂರುವುದಿಲ್ಲ. ಆದಿಲ್‌ಶಾಹಿಯ ಕಾಲದಿಂದಲೇ ಅದು ಅಲ್ಲಿತ್ತೆಂದು ತಿಳಿಯುವುದು ಸಹಜ. ಹಾಗೆಂದು 'ಎಲ್ಲವನ್ನೂ ನಾವೇ ಮೊದಲು ಕಂಡುಹಿಡಿದೆವು' ಎಂದು ಎದೆ ತಟ್ಟಿಕೊಳ್ಳಬೇಕಾಗಿಲ್ಲ. ಆದಿಲ್‌ಶಾಹಿಯ ಊಳಿಗದಲ್ಲಿ ತುರ್ಕರಿದ್ದರು, ಇರಾಣಿಗಳಿದ್ದರು, ಈ ನೆಲದ ಕಮ್ಮಾರರಿದ್ದರು. ವಿದ್ಯೆ ಹಡಗಿನಲ್ಲಿ ಬಂದೀತು, ಕುಲುಮೆಯಲ್ಲಿ ಬೆಳೆದೀತು. ಬೆಳೆಸಿದವರನ್ನು ನೆನೆಯುವುದು ಮಾತ್ರ ನ್ಯಾಯ. ಲಿಸ್ಬನ್ನಿಗೆ ಹೋದ ಆ ಮೇಸ್ತ್ರಿಯೂ ನಮ್ಮ ನಿಮ್ಮಂತೆ ಊರು ಬಿಟ್ಟು ಹೊಟ್ಟೆಪಾಡಿಗಾಗಿ ಪರಸ್ಥಳದಲ್ಲಿ ತನ್ನ ಕೈಗುಣ ತೋರಿಸಬೇಕಾದವನೇ ಅಲ್ಲವೆ?

ಇಂಥ ಕೋವಿಗಳ ಶಕ್ತಿ ಏನೆಂಬುದು ಕನ್ನಡ ನೆಲಕ್ಕೆ ಬೇಗನೆ ತಿಳಿಯಿತು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ, ಕ್ರಿಸ್ಟೊವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಕೋವಿಗಾರರೊಡನೆ ಬಂದು ಸೇರಿಕೊಂಡನು. ಕೋಟೆಯ ಮೇಲೆ ತಲೆಯೆತ್ತಿದವರನ್ನು ಅವರು ದೂರದಿಂದಲೇ ಕೆಡವತೊಡಗಿದರು. ರಾಯನ ಆಳುಗಳು ಗೋಡೆಯ ಕಲ್ಲುಗಳನ್ನು ಕೀಳುವುದಕ್ಕೆ ಎಡೆಯಾಯಿತು. ಇದನ್ನು ಬರೆದಿಟ್ಟವನು ನೂನಿಜ್ ಎಂಬ ಪೋರ್ಚುಗೀಸ್ ವರ್ತಕ. ಇಪ್ಪತ್ತು ಕೋವಿಯೆಂದರೆ ಇಪ್ಪತ್ತು ಬಿರಡೆ. ಒಂದು ಸಡಿಲವಾಗಿದ್ದರೂ ಹತ್ತೊಂಬತ್ತೇ ಕೋವಿ, ಹತ್ತೊಂಬತ್ತೇ ಆಳು.

ಬಿರಡೆ ಎಷ್ಟು ಕಠಿಣ ವಿದ್ಯೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ದೂರದ ಜಪಾನಿನಿಂದ ದೊರೆಯುತ್ತದೆ. 1543ರಲ್ಲಿ ತಾನೆಗಶಿಮ ಎಂಬ ದ್ವೀಪಕ್ಕೆ ಒಂದು ಹಡಗು ಬಂತು. ಅದರಲ್ಲಿದ್ದ ಪೋರ್ಚುಗೀಸರಿಂದ ಆ ದ್ವೀಪದ ಯುವ ಒಡೆಯ ತೊಕಿತಾಕನು ಎರಡು ಕೋವಿಗಳನ್ನು ಕೊಂಡನು. ಆ ಕೋವಿಗಳ ರಚನೆ ಗೋವೆ, ಮಲಕ್ಕಾಗಳ ಕಡೆಯದೆಂಬುದು ಹಲವು ತಜ್ಞರ ಅಭಿಪ್ರಾಯ. ಅವನ್ನು ನೋಡಿ ಅಂಥವೇ ಮಾಡುವಂತೆ ಯೈತ ಕಿನ್ಬೆ ಎಂಬ ಕತ್ತಿ ಮಾಡುವ ಕಮ್ಮಾರನಿಗೆ ಅಪ್ಪಣೆಯಾಯಿತು. ಜಪಾನೀ ಕತ್ತಿಯ ಉಕ್ಕು ಜಗತ್ಪ್ರಸಿದ್ಧ. ಅಂಥ ಕೈಗೆ ನಳಿಗೆ ಬಡಿಯುವುದು ದೊಡ್ಡ ಮಾತಾಗಲಿಲ್ಲ. ಆದರೆ ಹಿಂಬಾಯಿ ಮುಚ್ಚುವ ಬಗೆ ಮಾತ್ರ ಹೊಳೆಯಲಿಲ್ಲ. ತಿರುಪು ಅವನಿಗೆ ಹೊಸದು. ಮರುವರ್ಷ ಬಂದ ಹಡಗಿನಲ್ಲಿ ಒಬ್ಬ ಕಮ್ಮಾರನಿದ್ದನು. ಅವನು ಆ ಗುಟ್ಟನ್ನು ತೋರಿಸಿಕೊಟ್ಟ ಮೇಲೆ ಕೆಲಸ ಸಾಗಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ರಚಿತವಾದ 'ತೆಪ್ಪೋಕಿ' ಎಂಬ ವೃತ್ತಾಂತದಲ್ಲಿ ಈ ಸಂಗತಿ ದಾಖಲಾಗಿದೆ. ಗುಟ್ಟನ್ನು ಪಡೆಯಲು ಕಿನ್ಬೆಯು ತನ್ನ ಮಗಳು ವಾಕಾಸಾಳನ್ನು ಪರದೇಶಿಗೆ ಮದುವೆ ಮಾಡಿಕೊಟ್ಟನೆಂದು ಆ ದ್ವೀಪದಲ್ಲಿ ಒಂದು ಐತಿಹ್ಯವೂ ಇದೆ. ಐತಿಹ್ಯ ನಿಜವೋ ಸುಳ್ಳೋ, ಒಂದು ತಿರುಪಿನ ಬೆಲೆ ಎಷ್ಟೆಂದು ಜನ ತಿಳಿದಿದ್ದರೆಂಬುದು ಅದರಿಂದ ಗೊತ್ತಾಗುತ್ತದೆ. ಮುಂದೆ 1575ರ ನಾಗಶಿನೋ ಯುದ್ಧದ ಹೊತ್ತಿಗೆ ಜಪಾನಿನ ಸೇನೆಗಳಲ್ಲಿ ಕೋವಿಗಾರರ ಸಾಲುಗಳೇ ನಿಂತಿದ್ದವು.

ಹೊರತಿರುಪನ್ನು ಅರದಿಂದ ಉಜ್ಜಿ ಹೇಗೋ ಮಾಡಬಹುದು. ನಳಿಗೆಯ ಒಳಗೆ, ಅದಕ್ಕೆ ಸರಿಹೊಂದುವ ಒಳತಿರುಪನ್ನು ಕೊರೆಯುವುದು ಹೇಗೆ? ಇಂದಾದರೆ ಲೇತ್ ಯಂತ್ರವಿದೆ, ಟ್ಯಾಪ್ ಇದೆ. ಕರಾರುವಾಕ್ಕಾಗಿ ತಿರುಪು ಕೊರೆಯುವ ಲೇತನ್ನು ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ ರೂಪಿಸಿದ್ದು 1800ರ ಸುಮಾರಿಗೆ. ಅದಕ್ಕೆ ಮೊದಲಿನವರಿಗೆ ಕೈ, ಕಣ್ಣು, ಬೆಂಕಿ, ಇಷ್ಟೇ ಬಂಡವಾಳ. ಜಪಾನಿನ ಹಳೆಯ ಕೋವಿಗಳನ್ನು ಅಭ್ಯಾಸ ಮಾಡಿದವರು ಒಂದು ಬಗೆಯನ್ನು ಹೇಳುತ್ತಾರೆ: ಮೊದಲು ಬಿರಡೆಯನ್ನು ಮಾಡಿ ನಳಿಗೆಯ ತುದಿಗೆ ತೂರಿಸುವುದು; ನಳಿಗೆಯನ್ನು ಕೆಂಪಗೆ ಕಾಯಿಸಿ ಅದರ ಸುತ್ತ ಬಡಿಯುವುದು; ಮೆತ್ತಗಾದ ಕಬ್ಬಿಣ ತಿರುಪಿನ ಗೆರೆಗಳೊಳಗೆ ಇಳಿದು ತಾನೇ ಒಳತಿರುಪಾಗುವುದು. ಹೋಳಿಗೆಯ ಕಣಕ ಹೂರಣದ ಆಕಾರಕ್ಕೆ ಒಗ್ಗುವಂತೆ! ಆ ನಳಿಗೆಗೆ ಆ ಬಿರಡೆಯೇ ಸರಿ, ಬೇರೊಂದು ಒಗ್ಗದು.

ಆದ್ದರಿಂದಲೇ ಬಿರಡೆ ಹಾಳಾದಾಗ ಕಷ್ಟ. ಹಾಳಾಗದೆ ಇರುವುದೂ ಇಲ್ಲ. ಕರಿಮದ್ದಿನಲ್ಲಿ ಸ್ಥೂಲವಾಗಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಉರಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಘನರೂಪದ ಕಿಟ್ಟವಾಗಿ, ಹೊಗೆಯಾಗಿ ಉಳಿಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟು, ಸಲ್ಫೈಡು ಮೊದಲಾದ ಈ ಲವಣಗಳು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಕೇಪಿನ ಕೋವಿಗಳು ಬಂದ ಮೇಲೆ ಕೇಪಿನೊಳಗಿನ ಕ್ಲೋರೇಟಿನ ಉಳಿಕೆಯೂ ಇದಕ್ಕೆ ಸೇರಿತು. ಮಲೆನಾಡಿನ ಮಳೆಗಾಲ ಬೇರೆ. ಕೋವಿಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚುವ ಪದ್ಧತಿ ಬಂದದ್ದು ಇದರಿಂದಲೇ. ಮರೆತರೆ ತಿರುಪಿನ ಗೆರೆಗಳೊಳಗೆ ತುಕ್ಕು ಹೊಕ್ಕು ಬಿರಡೆ ಟೊಳ್ಳಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು.

ಆಗ ಹೊಸ ಬಿರಡೆ ಕೂರಿಸಬೇಕು. ಬಲ್ಲ ಕಮ್ಮಾರನು ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ, ಹಳೆಯ ಬಿರಡೆಯನ್ನು ಕಳಚಿ, ಮೊದಲು ನೋಡುವುದು ನಳಿಗೆಯ ಒಳತಿರುಪನ್ನು. ಅದು ಗಟ್ಟಿಯಿದ್ದರೆ ಸರಿ. ತಿಂದುಹೋಗಿದ್ದರೆ ಕೆಟ್ಟ ಭಾಗವನ್ನು ಕತ್ತರಿಸಿ ಹೊಸದಾಗಿ ತಿರುಪು ಕೊರೆಯಬೇಕು. ಬಿರಡೆಯ ಮುಖ ನಳಿಗೆಯೊಳಗಿನ ಅಂಚಿಗೆ ಕೂದಲೆಳೆಯ ಸಂದೂ ಇಲ್ಲದಂತೆ ಕೂರಬೇಕು. ಸಂದು ಉಳಿದರೆ ಕಿಟ್ಟ ಅಲ್ಲೇ ಮನೆ ಮಾಡುತ್ತದೆ. ಬಿರಡೆ ತುಸು ಉದ್ದವಾದರೆ ಕಿಡಿ ಒಳಹೋಗುವ ಸಣ್ಣ ತೂತು ಮುಚ್ಚಿಹೋಗುತ್ತದೆ; ತುಸು ಗಿಡ್ಡವಾದರೆ ಹಿಂದೆ ಟೊಳ್ಳು ಉಳಿಯುತ್ತದೆ. ಇಷ್ಟೆಲ್ಲ ಆದ ಮೇಲೂ ಪರೀಕ್ಷೆ ಉಳಿಯಿತು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ಸನ್ನದು ದೊರಕಿತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಪರೀಕ್ಷಾಲಯ ಸ್ಥಾಪಿತವಾಯಿತು. ಅಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ, ಮನುಷ್ಯರು ದೂರ ನಿಂತು ಹಾರಿಸಿ, ತಡೆದುಕೊಂಡ ನಳಿಗೆಗೆ ಮುದ್ರೆ ಒತ್ತುತ್ತಿದ್ದರು. ನಮ್ಮ ಹಳ್ಳಿಯ ಕಮ್ಮಾರನಿಗೆ ಅಂಥ ಪರೀಕ್ಷಾಲಯ ಎಲ್ಲಿಂದ ಬರಬೇಕು? ಕೋವಿಯ ಒಡೆಯನ ಕೆನ್ನೆಯೇ ಅವನ ಪರೀಕ್ಷಾಲಯ. ತಪ್ಪಿದರೆ ಅದೇ ಊರಿನಲ್ಲಿ, ಅದೇ ಮನೆಯವರ ಮುಖ ನೋಡುತ್ತ ಬಾಳಬೇಕು. ಇದಕ್ಕಿಂತ ದೊಡ್ಡ ಮುದ್ರೆ ಯಾವುದಿದೆ?

ಹಿಂಬಾಯಿ ಮುಚ್ಚುವ ಈ ವಿದ್ಯೆಗೆ ಮೈಸೂರಿನಲ್ಲಿ ಇನ್ನೊಂದು ರೂಪ ಬಂತು. ಹೈದರ್, ಟಿಪ್ಪು ಇವರ ಸೇನೆಯ ಬಾಣಗಳು, ಅಂದರೆ ರಾಕೆಟ್ಟುಗಳು, ಕಬ್ಬಿಣದ ಕೊಳವೆಯವು. ಅಲ್ಲಿಯೂ ಒಂದು ತುದಿ ಭದ್ರವಾಗಿ ಮುಚ್ಚಿರಬೇಕು. ಅನಿಲ ಇನ್ನೊಂದು ತುದಿಯಿಂದಲೇ ಹೊರಡಬೇಕು. ಕಬ್ಬಿಣದ ಕೊಳವೆಯಾದ್ದರಿಂದಲೇ ಹೆಚ್ಚು ಒತ್ತಡ, ಹೆಚ್ಚು ದೂರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳ ಮಾದರಿಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳಿಂದ ಪಾಠ ಕಲಿತನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಹೊರಬಂದದ್ದನ್ನು ಓದುಗರು ಪತ್ರಿಕೆಗಳಲ್ಲಿ ಓದಿರಬಹುದು.

ಆಮೇಲೆ ಬಂದದ್ದು ಕಾಯಿದೆಯ ಕಾಲ. 1857ರ ದಂಗೆಯಲ್ಲಿ ಕಂಪನಿ ಸರಕಾರ ಶಸ್ತ್ರಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೇನೆ ಊರನ್ನು ಸುತ್ತಿತು, ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಲಾವಣಿಕಾರರು ಅದನ್ನು ಹಾಡಿದರು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಆ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದನು. ಅತ್ತ ಕೊಡಗಿನವರಿಗೆ, ಅವರು ಸರಕಾರಕ್ಕೆ ನಿಷ್ಠರಾಗಿದ್ದರೆಂದು, ಮಾರ್ಕ್ ಕಬ್ಬನ್ 1861ರಲ್ಲಿ ಅದೇ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಒಂದೇ ಕಾಯಿದೆ, ಒಂದೆಡೆ ಗಲ್ಲು, ಇನ್ನೊಂದೆಡೆ ಗೌರವ. ಕೊಡಗಿನ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 1878ರ ಶಸ್ತ್ರ ಕಾಯಿದೆ ಬಂದ ಮೇಲೆ ಲೈಸೆನ್ಸಿಲ್ಲದೆ ಕೋವಿ ಮಾಡುವುದೂ ಮಾರುವುದೂ ಅಪರಾಧವಾಯಿತು. ಕುಲುಮೆಯ ವಿದ್ಯೆಗೆ ಅಲ್ಲಿಂದ ಇಳಿಗಾಲ.

ಬಿರಡೆಯ ಕಾಲವೂ ಮುಗಿಯುತ್ತ ಬಂದಿತ್ತು. 1866ರಲ್ಲಿ ಬ್ರಿಟಿಷ್ ಸೇನೆಯು ತನ್ನ ಎನ್‌ಫೀಲ್ಡ್ ಕೋವಿಗಳ ಹಿಂತುದಿಯನ್ನು ಕತ್ತರಿಸಿ, ಅಲ್ಲಿ ಜೇಕಬ್ ಸ್ನೈಡರ್ ರೂಪಿಸಿದ ಪಕ್ಕಕ್ಕೆ ತೆರೆಯುವ ಮುಚ್ಚಳವನ್ನು ಇರಿಸಿತು. ಇನ್ನು ಮದ್ದು ತುಂಬುವುದು ಹಿಂದಿನಿಂದ. ತೋಟೆಯ ಹಿತ್ತಾಳೆಯ ಕವಚ ಉಬ್ಬಿ ತಾನೇ ಅನಿಲವನ್ನು ತಡೆಯುತ್ತದೆ. ಬಿರಡೆ ಹೋಗಿ ಬಾಗಿಲು ಬಂತು.

ಇದೆಲ್ಲ ಹಳೆಯ ಕಥೆಯೆಂದು ಪುಟ ಮಗುಚುವ ಮುನ್ನ ಒಂದು ಮಾತು. ನಮ್ಮಲ್ಲಿ ಕೊಡಗು, ಮಲೆನಾಡು, ಉತ್ತರ ಕನ್ನಡಗಳಿಂದ ಬಂದ ಕುಟುಂಬಗಳು ಅನೇಕ. ಊರಿನ ಮನೆ ಪಾಲಾಗುವಾಗ, ಮಾರಾಟವಾಗುವಾಗ, ಅಟ್ಟದ ಮೇಲೆ ಅಜ್ಜನ ಕೇಪಿನ ಕೋವಿಯೊಂದು ಸಿಗುವುದುಂಟು. 'ಒಂದು ಬಿರಡೆ ಹಾಕಿಸಿದರೆ ಸರಿಹೋದೀತು' ಎಂದು ಯಾರಾದರೂ ಹೇಳಿಯಾರು. ಅಂಬರನಾಥದಿಂದ ಭಿವಂಡಿಯವರೆಗೆ ಲೇತ್ ಇಟ್ಟವರಿಗೇನೂ ಕೊರತೆಯಿಲ್ಲ. ದಯವಿಟ್ಟು ಆ ಗೋಜಿಗೆ ಹೋಗಬೇಡಿ. 1959ರ ಶಸ್ತ್ರ ಕಾಯಿದೆಯಂತೆ ಕೋವಿಯನ್ನು ದುರಸ್ತಿ ಮಾಡುವ ದಂಧೆಗೂ ಲೈಸೆನ್ಸು ಬೇಕು. ಅದೇ ಕಾಯಿದೆ ಹಳೆಯ, ಬಳಕೆ ತಪ್ಪಿದ ಅಥವಾ ಕೆಟ್ಟುಹೋದ ಆಯುಧಗಳಿಗೆ ಒಂದು ರಿಯಾಯಿತಿ ಕೊಡುತ್ತದೆ. ಆದರೆ ದುರಸ್ತಿ ಮಾಡಿದರೂ ಹಾರಿಸಲಾಗದಂಥದ್ದಕ್ಕೆ ಮಾತ್ರ. ನೋಡಿದಿರಾ, ಕಾಯಿದೆ ಕೂಡ ಕೊನೆಗೆ ಬಂದು ನಿಲ್ಲುವುದು ಬಿರಡೆಯ ಬಳಿಯಲ್ಲೇ! ಬಿರಡೆ ಕೂತೀತು ಎಂದಾದರೆ ಅದು ಕೋವಿ. ಎಂದೂ ಕೂರದೆಂದಾದರೆ ಬರಿಯ ಕೊಳವೆ. ಇದನ್ನು ನಿರ್ಣಯಿಸಬೇಕಾದವರು ನಾವಲ್ಲ. ಊರಿನ ಪೋಲೀಸ್ ಠಾಣೆಗೆ ತಿಳಿಸಿ, ವಾರಸುದಾರಿಕೆಯ ಕಾಗದ ಸರಿಮಾಡಿಕೊಳ್ಳುವುದೇ ಕ್ಷೇಮ.

ಇನ್ನೊಂದು ಎಚ್ಚರ. ಮುಂದಿನಿಂದ ತುಂಬುವ ಕೋವಿಯಲ್ಲಿ ಮದ್ದು ಇದೆಯೋ ಇಲ್ಲವೋ ಹೊರಗೆ ಕಾಣದು. ಹುಲಿ ಹಂದಿಗಳಿಗೆಂದು ತುಂಬಿಟ್ಟ ಕೋವಿ ಹಾಗೆಯೇ ಮರೆತುಹೋಗಿರಬಹುದು; ಒಣಗಿದ ಕರಿಮದ್ದು ಎಷ್ಟೋ ವರ್ಷಗಳ ನಂತರವೂ ಹೊತ್ತಿಕೊಂಡೀತು. ಲೈಸೆನ್ಸುಳ್ಳ ಕೋವಿ ಕೆಲಸದವನು ನೋಡಿ 'ಬರಿದು' ಎನ್ನುವವರೆಗೂ ಅದು ತುಂಬಿದ ಕೋವಿಯೆಂದೇ ತಿಳಿಯಿರಿ. ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯಬೇಡಿ. ಕುದುರೆ ಎಳೆದು ನೋಡಬೇಡಿ.

ಬಿರಡೆಯ ಬಗೆಗೆ ಇಷ್ಟು ಬರೆಯಲು ನಮಗೊಂದು ಕಾರಣವಿದೆ. ನಾವು ನೆಲೆಸಿರುವ ಈ ಕಲ್ಯಾಣವೂ 1636ರಿಂದ, 1657ರಲ್ಲಿ ಶಿವಾಜಿ ಮಹಾರಾಜರ ವಶವಾಗುವವರೆಗೆ, ಬಿಜಾಪುರದ ಆಡಳಿತದಲ್ಲಿತ್ತು. ಕನ್ನಡ ನಾಡಿಗೂ ಈ ಕರಾವಳಿಗೂ ಇದ್ದ ಕೊಡುಕೊಳ್ಳುವಿಕೆಯನ್ನು ದೊರೆಗಳ ಹೆಸರಿನಲ್ಲಿ, ಯುದ್ಧಗಳ ಹೆಸರಿನಲ್ಲಿ ಮಾತ್ರ ನೆನೆಯುವುದು ನಮ್ಮ ರೂಢಿ. ಕೈಕೆಲಸದವರ ಹೆಸರಿನಲ್ಲಿಯೂ ನೆನೆಯಬಹುದಲ್ಲವೆ? ಮುಂದಿನ ಸಲ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲೋ ವಿಜಯಪುರದ ಗೋಳಗುಮ್ಮಟದ ಮುಂದಿನ ಸಂಗ್ರಹಾಲಯದಲ್ಲೋ ಆಯುಧಗಳ ಮುಂದೆ ನಿಂತಾಗ, ಕೋವಿಯಿದ್ದರೆ ಅದರ ಬಾಯಿಯನ್ನು ಬಿಟ್ಟು ಹಿಂದಕ್ಕೆ ಬಂದು ನೋಡಿ, ಮಕ್ಕಳಿಗೂ ತೋರಿಸಿ. ಊರಿಗೆ ಹೋದಾಗ ಹಿರಿಯರನ್ನು ಕೇಳಿ: ನಮ್ಮ ಕಡೆ ಕೋವಿ ಸರಿಮಾಡುತ್ತಿದ್ದ ಕಮ್ಮಾರರು ಯಾವ ಮನೆಯವರು, ಆ ಹಿಂದಿನ ಕಬ್ಬಿಣದ ತುಂಡಿಗೆ ಅವರು ಏನೆನ್ನುತ್ತಿದ್ದರು? ಒಂದು ಮಾತು ಸಿಕ್ಕರೂ ಬರೆದಿಡಿ. ಕುಲುಮೆ ಆರಿದ ಮೇಲೆ ಉಳಿಯುವುದು ಮಾತೊಂದೇ. ಅದನ್ನು ಜೋಪಾನ ಮಾಡುವುದಕ್ಕೆ ಯಾವ ಲೈಸೆನ್ಸೂ ಬೇಕಿಲ್ಲ.